ಹೋಯ್ತು, ಬಂತು, ಬದಲಾಯ್ತು: ನಾಲ್ಕನೇ ತರಗತಿಯಲ್ಲಿ ವ್ಯಾಕರಣ ಶುರು ಮಾಡುವ ಬಗೆ

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ಕನ್ನಡ ಕಲಿಸುತ್ತಿದ್ದೇನೆ. ಎರಡೂ ಸೇರಿ 23 ಮಕ್ಕಳು. ಅರ್ಧದಷ್ಟು ಮಕ್ಕಳು ಎಸ್ಟೇಟ್ ಲೈನ್‌ಮನೆಗಳಿಂದ (ತೋಟದ ಕೆಲಸಗಾರರ ಸಾಲುಮನೆಗಳು) ಬರುತ್ತಾರೆ. ಮನೆಯಲ್ಲಿ ಆಡುವುದು ತಮಿಳು, ತುಳು ಅಥವಾ ಉರ್ದು. ಲೋಪಸಂಧಿ, ಆಗಮಸಂಧಿ, ಆದೇಶಸಂಧಿಯ ವ್ಯಾಖ್ಯೆಗಳನ್ನು ತಡವರಿಸದೆ ಒಪ್ಪಿಸುತ್ತಾರೆ. ಬರೆಯಲು ಕೂತರೆ ಮಾತ್ರ ‘ಮರನ್ನು’, ‘ಮನೆನ್ನು’, ‘ಹಾಲುವನ್ನು’, ‘ಬೀಳಿದ’, ‘ಕೊಡಿದ’. ‘ಹಾನೆ’, ‘ಆಲು’ ಎಂದು ಬರೆಯುವವರೂ ಇದ್ದಾರೆ. ಪದ ಬದಲಾಗುತ್ತದೆ ಎಂಬುದೇ ಇವರ ತಲೆಗೆ ಹೋಗುತ್ತಿಲ್ಲವೇನೋ ಅನ್ನಿಸುತ್ತದೆ. ಹಿರಿಯ ಶಿಕ್ಷಕರು ‘ಮೊದಲು ಬಾಯಿಪಾಠ ಆಗಲಿ, ಅರ್ಥ ಆಮೇಲೆ ತಾನಾಗೇ ಆಗುತ್ತೆ’ ಅಂತಾರೆ. ಇನ್ನು ಕೆಲವರು ಈ ವಯಸ್ಸಿಗೆ ವ್ಯಾಕರಣವೇ ಬೇಡ ಅಂತಾರೆ. ಹಳ್ಳಿ ಮಾತಿನಿಂದಲೇ ಬರವಣಿಗೆ ಕೆಡುತ್ತಿದೆಯೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಡಂ, ನೀವು ಕಳಿಸಿರುವ ತಪ್ಪುಗಳ ಪಟ್ಟಿಯಲ್ಲೇ ಅರ್ಧ ಉತ್ತರ ಇದೆ. ಪದ ಬದಲಾಗುತ್ತದೆ ಎಂಬುದು ಈ ಮಕ್ಕಳಿಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದಿರುವುದು, ಯಾವ ಪದ ಕಾಗದದ ಮೇಲೆ ಹೇಗೆ ಬದಲಾಗಬೇಕು ಎಂಬುದು. ಈ ಎರಡನ್ನೂ ಒಂದೇ ಎಂದುಕೊಂಡರೆ ಪಾಠ ತಪ್ಪು ಕಡೆಯಿಂದ ಶುರುವಾಗುತ್ತದೆ.

ಒಂದೊಂದನ್ನೇ ನೋಡಿ. ‘ಮರನ್ನು’, ‘ಮನೆನ್ನು’ ಬರೆದ ಮಗು ದಿನವೂ ಕೇಳುವುದು ‘ಮರಾನ ಕಡಿದ್ರು’, ‘ಮನೇನ ಗುಡ್ಸು’ ಎಂಬ ಮಾತನ್ನು. ಆ ‘ಮರಾನ’ವನ್ನೇ ಪುಸ್ತಕದ ಭಾಷೆಗೆ ತಿರುಗಿಸಲು ಹೊರಟು ಕೊನೆಗೆ ‘ನ್ನು’ ಅಂಟಿಸಿದೆ. ‘ಹಾಲುವನ್ನು’ ಬರೆದ ಮಗುವಿಗೆ ‘ಹಸುವನ್ನು’, ‘ಕರುವನ್ನು’ ಗೊತ್ತು. ಅದೇ ಅಚ್ಚಿಗೆ ಹಾಲನ್ನೂ ಸುರಿದಿದೆ. ‘ಬೀಳಿದ’, ‘ಕೊಡಿದ’ ಹುಟ್ಟಿದ್ದು ‘ಓಡಿದ’, ‘ಮಾಡಿದ’ಗಳಿಂದ. ಇನ್ನು ‘ಹಾನೆ’: ‘ಆಲು ಅಲ್ಲ, ಹಾಲು’ ಎಂದು ಮತ್ತೆ ಮತ್ತೆ ತಿದ್ದಿಸಿಕೊಂಡ ಮಗು, ಎಲ್ಲಿ ಹ ಬೇಕೋ ತಿಳಿಯದೆ, ಬೈಸಿಕೊಳ್ಳುವುದಕ್ಕಿಂತ ಇರಲಿ ಎಂದು ಎಲ್ಲ ಕಡೆಗೂ ಹ ಹಾಕಿಬಿಡುತ್ತದೆ. ಇವೆಲ್ಲ ನಿಯಮ ಹುಡುಕುತ್ತಿರುವ ಮಕ್ಕಳ ತಪ್ಪುಗಳು. ಯೋಚಿಸದೆ ಕಂಡದ್ದನ್ನು ನಕಲು ಮಾಡುವ ಮಗು ‘ಕೊಡಿದ’ ಎಂದು ಬರೆಯಲಾರದು. ಆ ರೂಪವನ್ನು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ಮೂರು ನಂಬಿಕೆಗಳು

ಬಾಯಿಪಾಠದಿಂದ ಅರ್ಥ ತಾನಾಗೇ ಬರುತ್ತದೆ ಎಂಬುದು ಮೊದಲನೆಯದು. ಮಗ್ಗಿಯಂಥ ವಿಷಯದಲ್ಲಿ ಬಾಯಿಪಾಠಕ್ಕೆ ತನ್ನ ಜಾಗ ಇದೆ. ಆದರೆ ‘ಪೂರ್ವಪದದ ಕೊನೆಯ ಸ್ವರ ಲೋಪವಾಗುವುದು’ ಎಂದು ಒಪ್ಪಿಸುವ ಮಗುವಿಗೆ ಪೂರ್ವಪದ ಯಾವುದು, ಸ್ವರ ಎಲ್ಲಿದೆ ಎಂದು ತೋರಿಸಲು ಬರದಿದ್ದರೆ ಆ ವಾಕ್ಯ ಬರೀ ಸದ್ದು.

ಎರಡನೆಯದು, ಈ ವಯಸ್ಸಿಗೆ ವ್ಯಾಕರಣ ಬೇಡ ಎಂಬುದು. ಒಂಬತ್ತು-ಹತ್ತು ವರ್ಷದ ಮಗುವಿಗೆ ಭಾರವಾಗುವುದು ಪರಿಭಾಷೆ. ಎರಡು ಪದಗಳನ್ನು ಅಕ್ಕಪಕ್ಕ ಇಟ್ಟು ಏನು ಬೇರೆಯಾಯಿತು ಎಂದು ಹುಡುಕುವುದು ಆ ವಯಸ್ಸಿಗೆ ಆಟ.

ಮೂರನೆಯದು, ಹಳ್ಳಿ ಮಾತು ಬರವಣಿಗೆ ಕೆಡಿಸುತ್ತದೆ ಎಂಬುದು. ಆಡುಮಾತಿಗೂ ಅದರದೇ ನಿಯಮ ಇದೆ: ‘ಮನೆಯಲ್ಲಿ’ ಎಲ್ಲರ ಬಾಯಲ್ಲೂ ‘ಮನೇಲಿ’, ‘ತೋಟದಲ್ಲಿ’ ಎಲ್ಲರ ಬಾಯಲ್ಲೂ ‘ತೋಟ್ದಲ್ಲಿ’. ತೊಂದರೆ ಬರುವುದು ಎರಡನ್ನೂ ಎದುರೆದುರು ಇಟ್ಟು ತೋರಿಸದಿದ್ದಾಗ. ಹಲಗೆಯ ಎಡಕ್ಕೆ ‘ಆಡುವುದು’, ಬಲಕ್ಕೆ ‘ಬರೆಯುವುದು’ ಎಂದು ಎರಡು ಸಾಲು ಮಾಡಿ. ಎಡಗಡೆಯದನ್ನು ಮಕ್ಕಳೇ ಹೇಳಲಿ. ತಪ್ಪು ಎಂಬ ಮಾತು ಆ ಸಾಲಿಗೆ ಬೇಡ.

ನಿಜವಾದ ತೊಡಕು ಅಕ್ಷರದಲ್ಲಿದೆ

ಸಂಧಿಯ ಪಾಠ ಕೆಡುವುದು ಬಹುಪಾಲು ಇಲ್ಲೇ. ಎರಡು ಪದ ಕೂಡುವಾಗ ಆಗುವ ಸಂಧಿ ನಡೆಯುವುದು ಧ್ವನಿಗಳ ನಡುವೆ. ಮಗುವಿನ ಕಣ್ಣಿಗೆ ಕಾಣುವುದು ಗುಣಿತಾಕ್ಷರ. ಊರು + ಅಲ್ಲಿ = ಊರಲ್ಲಿ ಎಂದಾಗ ನಮಗೆ ಉ ಹೋದದ್ದು ಕಾಣುತ್ತದೆ. ಮಗುವಿಗೆ ಕಾಣುವುದು ‘ರು’ ಎಂಬ ಅಕ್ಷರ ಹೋಗಿ ‘ರ’ ಬಂದದ್ದು, ಜೊತೆಗೆ ‘ಅ’ ಎಲ್ಲೋ ಕಾಣೆಯಾದದ್ದು. ಹಾಗಾಗಿ ಲೋಪವನ್ನು (ಹೋದದ್ದನ್ನು) ಅದು ಆದೇಶ (ಬದಲಾದದ್ದು) ಎನ್ನುತ್ತದೆ, ಇಲ್ಲವೇ ‘ಅ ಲೋಪವಾಯಿತು’ ಎನ್ನುತ್ತದೆ. ಅದರ ಕಣ್ಣಿನಿಂದ ನೋಡಿದರೆ ಅದು ಹೇಳಿದ್ದು ಸರಿ.

ಆದ್ದರಿಂದ ಸಂಧಿಗೆ ಮೊದಲು ಒಂದು ವಾರ ಬಿಡಿಸಿ ಬರೆಯುವ ಅಭ್ಯಾಸ ಮಾಡಿಸಿ. ವ್ಯಂಜನಕ್ಕೆ ಹುಣಸೆ ಬೀಜ, ಸ್ವರಕ್ಕೆ ಬಿಳಿ ಕಲ್ಲು. ‘ರು’ ಎಂದರೆ ಒಂದು ಬೀಜ, ಒಂದು ಕಲ್ಲು: ರ್ + ಉ. ‘ರ’ ಎಂದರೂ ಒಂದು ಬೀಜ, ಒಂದು ಕಲ್ಲು: ರ್ + ಅ. ಮಕ್ಕಳು ಎಡವುವುದು ಇಲ್ಲೇ, ಏಕೆಂದರೆ ‘ಅ’ಕ್ಕೆ ಇರುವ ಗುರುತು ಬರೀ ತಲೆಕಟ್ಟು, ಅದು ಬೇರೆ ಸ್ವರವಾಗಿ ಕಣ್ಣಿಗೆ ಬೀಳುವುದಿಲ್ಲ. ‘ಲ್ಲಿ’ಗೆ ಎರಡು ಬೀಜ, ಒಂದು ಕಲ್ಲು. ದಿನಕ್ಕೆ ಹತ್ತು ಅಕ್ಷರ ಸಾಕು. ವಾರದ ಕೊನೆಗೆ ಹತ್ತಕ್ಕೆ ಎಂಟು ಸರಿ ಬರುವವರೆಗೆ ಸಂಧಿಗೆ ಕೈ ಹಾಕಬೇಡಿ. ಈ ಒಂದು ವಾರ ಉಳಿಸಲು ಹೋದರೆ ಮುಂದೆ ಒಂದು ತಿಂಗಳು ಕಳೆದುಕೊಳ್ಳುತ್ತೀರಿ.

ಬದಲಾವಣೆ ಎಂದರೇನು: ಮೊದಲು ವಸ್ತು, ಆಮೇಲೆ ಪದ

‘ಬದಲಾಯಿತು’ ಎಂಬ ಮಾತಿನಲ್ಲಿ ಎರಡು ವಿಷಯ ಅಡಗಿವೆ: ಏನೋ ಬೇರೆಯಾಯಿತು, ಏನೋ ಉಳಿಯಿತು. ಏನೂ ಉಳಿಯದಿದ್ದರೆ ಅದು ಬದಲಾವಣೆಯಲ್ಲ, ಬೇರೆಯದೇ ವಸ್ತು. ಮಕ್ಕಳು ಮೊದಲನೆಯದನ್ನು ಬೇಗ ಹೇಳುತ್ತಾರೆ, ಎರಡನೆಯದನ್ನು ಕೇಳದೆ ಹೇಳುವುದಿಲ್ಲ. ನಿಮ್ಮ ಶಾಲೆಯ ಸುತ್ತಲಿರುವ ಕಾಫಿಯನ್ನೇ ಹಿಡಿಯಿರಿ. ಮೊಗ್ಗು ಹೂವಾಯಿತು, ಹೂವು ಉದುರಿ ಕಾಯಿ ಕಟ್ಟಿತು, ಕಾಯಿ ಹಣ್ಣಾಯಿತು, ಹಣ್ಣಿನ ಸಿಪ್ಪೆ ಹೋಗಿ ಬೀಜ ಉಳಿಯಿತು, ಬೀಜ ಹುರಿದು ಪುಡಿಯಾಯಿತು. ಒಂದೊಂದು ಹಂತಕ್ಕೂ ಮೂರು ಪ್ರಶ್ನೆ: ಏನು ಬೇರೆಯಾಯಿತು? ಏನು ಉಳಿಯಿತು? ಯಾವುದರಿಂದ ಆಯಿತು? ಹೂಮಳೆಯಿಂದ (ಕಾಫಿ ಹೂ ಅರಳಿಸುವ ಮಳೆ), ಬಿಸಿಲಿನಿಂದ, ಬೆಂಕಿಯಿಂದ ಎಂದು ಮಕ್ಕಳೇ ಹೇಳುತ್ತಾರೆ. ಇದಕ್ಕೆ ಒಂದು ಪೀರಿಯಡ್ ಸಾಕು. ಹೆಚ್ಚು ಎಳೆದರೆ ಅದು ಪರಿಸರ ಅಧ್ಯಯನದ ಪಾಠವಾಗುತ್ತದೆ.

ಮಾರನೆಯ ದಿನ ಅದೇ ಮೂರು ಪ್ರಶ್ನೆಗಳನ್ನು ಪದಕ್ಕೆ ಕೇಳಿ. ಮರ, ಮರವನ್ನು, ಮರದಲ್ಲಿ, ಮರಕ್ಕೆ. ಉಳಿದದ್ದು ಮರ. ಬೇರೆಯಾದದ್ದು ಬಾಲ. ಯಾವುದರಿಂದ? ಇಲ್ಲಿ ಬಿಸಿಲೂ ಇಲ್ಲ, ಮಳೆಯೂ ಇಲ್ಲ. ಪಕ್ಕದಲ್ಲಿ ಬಂದು ಕೂತ ‘ಅನ್ನು’, ‘ಅಲ್ಲಿ’, ‘ಕ್ಕೆ’ಗಳಿಂದ.

ಈಗ ಸಂಧಿಯ ಹೆಸರುಗಳನ್ನೇ ನೋಡಿ. ಲೋಪ ಎಂದರೆ ಹೋಯ್ತು. ಆಗಮ ಎಂದರೆ ಬಂತು. ಆದೇಶ ಎಂದರೆ ಒಂದರ ಜಾಗಕ್ಕೆ ಇನ್ನೊಂದು ಬಂದು ಬದಲಾಯ್ತು. ನಮ್ಮ ವ್ಯಾಕರಣಕಾರರು ಇಟ್ಟ ಹೆಸರುಗಳಲ್ಲೇ ಬದಲಾವಣೆಯ ಪಾಠ ಇದೆ. ಸಂಸ್ಕೃತದ ಪದಗಳಾದ್ದರಿಂದ ಮಕ್ಕಳಿಗೆ ಅದು ಕೇಳಿಸುತ್ತಿಲ್ಲ. ಮೊದಲ ಮೂರು ವಾರ ತರಗತಿಯಲ್ಲಿ ‘ಹೋಯ್ತು, ಬಂತು, ಬದಲಾಯ್ತು’ ಎಂಬ ಮೂರೇ ಮಾತು ಇರಲಿ. ಪುಸ್ತಕದ ಹೆಸರುಗಳನ್ನು ಆಮೇಲೆ ಅವುಗಳ ಮೇಲೆ ಅಂಟಿಸಿ.

ಇದಕ್ಕೆ ಮಡಿಕೆಪಟ್ಟಿ ಒಳ್ಳೆಯ ಸಾಧನ. ಹಳೆಯ ಮದುವೆ ಕಾರ್ಡನ್ನು 18 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ. ತೆಳು ಕಾಗದ ಬೇಡ. ಮಲೆನಾಡಿನ ಮಳೆಗಾಲದಲ್ಲಿ ಅದು ತೇವ ಹಿಡಿದು ಮಡಿಕೆ ನಿಲ್ಲುವುದಿಲ್ಲ. ಎಡಕ್ಕೆ 7, ನಡುವೆ 4, ಬಲಕ್ಕೆ 7 ಸೆಂ.ಮೀ. ಗುರುತು ಹಾಕಿ. ನಡುವಿನ ಭಾಗವನ್ನು ಅರ್ಧಕ್ಕೆ ಮಡಿಸಿ ಒಳಗೆ ಸೇರಿಸಿದರೆ ಎರಡು ತುದಿಗಳೂ ಕೂಡಿಕೊಳ್ಳುತ್ತವೆ. ಎಡಕ್ಕೆ ‘ಮನೆ’, ಬಲಕ್ಕೆ ‘ಅನ್ನು’, ಮಡಿಕೆಯೊಳಗೆ ‘ಯ್’. ಮಡಿಸಿದಾಗ ‘ಮನೆ ಅನ್ನು’. ಬಿಡಿಸಿದಾಗ ‘ಯ್’ ಬಂತು. ಇನ್ನೊಂದು ಪಟ್ಟಿಯಲ್ಲಿ ಎಡಕ್ಕೆ ‘ಊರ್’, ನಡುವೆ ‘ಉ’, ಬಲಕ್ಕೆ ‘ಅಲ್ಲಿ’. ಇದನ್ನು ಬಿಡಿಸಿಟ್ಟು ಓದಿಸಿ, ಆಮೇಲೆ ಮಡಿಸಿ: ‘ಉ’ ಹೋಯ್ತು. ಆದೇಶಕ್ಕೆ ಮಡಿಕೆ ಬೇಡ. ‘ಮಳೆ + ಕಾಲ’ದ ‘ಕಾ’ ಮೇಲೆ ‘ಗಾ’ ಬರೆದ ಚೀಟಿಯನ್ನು ಬಾಗಿಲಿನಂತೆ ಒಂದು ಅಂಚಿಗೆ ಅಂಟಿಸಿ. ಒಂದು ಎಚ್ಚರಿಕೆ: ಮಡಿಕೆಯೊಳಗೆ ‘ಯ’ ಎಂದು ಪೂರ್ತಿ ಅಕ್ಷರ ಬರೆದರೆ ಮಕ್ಕಳು ‘ಮನೆಯಅನ್ನು’ ಎಂದು ಬರೆಯುತ್ತಾರೆ. ‘ಯ್’ ಎಂದೇ ಇರಬೇಕು.

ಊರುಗಳ ಹೆಸರು ಈ ಪಾಠಕ್ಕೆ ಬಲು ಉಪಯುಕ್ತ. ಚಿಕ್ಕಮಗಳ + ಊರು: ಹೋಯ್ತು. ಮೂಡಿಗೆರೆಯ ‘ಗೆರೆ’ ನಾವು ಎಳೆಯುವ ಗೆರೆಯಲ್ಲ, ಅದು ಕೆರೆ: ಬದಲಾಯ್ತು. ಶ್ರವಣಬೆಳಗೊಳದ ‘ಗೊಳ’ ಕೊಳ, ಬಿಳಿಯ ಕೊಳ. ಆದರೆ ಅರಸೀಕೆರೆ, ತರೀಕೆರೆಗಳಲ್ಲಿ ಕೆರೆ ಕೆರೆಯಾಗಿಯೇ ನಿಂತಿದೆ. ಯಾಕೆ ಎಂದು ಮಕ್ಕಳು ಕೇಳೇ ಕೇಳುತ್ತಾರೆ. ‘ಎಲ್ಲ ಕಡೆಯೂ ಆಗಲೇಬೇಕೆಂದಿಲ್ಲ, ಜನರ ಬಾಯಲ್ಲಿ ಹೇಗೆ ನಿಂತಿತೋ ಹಾಗೆ’ ಎಂದು ಹೇಳಿದರೆ ತಪ್ಪಾಗದು. ಮಳೆಗಾಲ, ಚಳಿಗಾಲ ಎನ್ನುವ ನಾವೇ ಬೇಸಿಗೆ ಕಾಲ ಎನ್ನುತ್ತೇವೆ.

‘ಹಾಲುವನ್ನು’ ಯಾಕೆ ತಪ್ಪು?

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶಿಕ್ಷಕರೂ ‘ರೂಢಿ’ ಎಂದು ಕೈಬಿಡುವ ಜಾಗ ಇದು. ಉ-ಕಾರದಲ್ಲಿ ಮುಗಿಯುವ ಪದಗಳಲ್ಲಿ ಎರಡು ಜಾತಿ. ಹಸು, ಕರು, ಮಗು, ಗುರು: ಇವುಗಳ ಉ ಗಟ್ಟಿ, ಬಿಟ್ಟು ಹೋಗುವುದಿಲ್ಲ, ಹಾಗಾಗಿ ನಡುವೆ ವ್ ಬರುತ್ತದೆ. ಹಾಲು, ಕಾಡು, ಕಣ್ಣು, ಎತ್ತು, ಮೆಣಸು, ಬೆರಳು: ಇವುಗಳ ಉ ಸಡಿಲ, ಸ್ವರ ಬಂದ ಕೂಡಲೇ ಹೋಗುತ್ತದೆ. ಕಾರಣ ಹಳಗನ್ನಡದಲ್ಲಿದೆ. ಆಗ ಹಾಲು ‘ಪಾಲ್’, ಕಣ್ಣು ‘ಕಣ್’, ಊರು ‘ಊರ್’. ಕೊನೆಯ ಉ ಆಮೇಲೆ ಉಚ್ಚಾರಣೆಯ ಅನುಕೂಲಕ್ಕೆ ಬಂದು ಸೇರಿದ್ದು. ತಡವಾಗಿ ಬಂದದ್ದು ಮೊದಲು ಎದ್ದು ಹೋಗುತ್ತದೆ.

ಮಕ್ಕಳಿಗೆ ಕೊಡಬಹುದಾದ ಕುರುಹು ಇಷ್ಟು: ಎರಡೇ ಅಕ್ಷರದ ಪದ, ಮೊದಲಕ್ಷರ ಹ್ರಸ್ವ, ಎರಡನೆಯದಕ್ಕೆ ಒತ್ತಿಲ್ಲ ಎಂದಾದರೆ ವ್ ಬರುತ್ತದೆ. ಉಳಿದ ಕನ್ನಡ ಪದಗಳಲ್ಲಿ ಉ ಹೋಗುತ್ತದೆ. ‘ಬಸ್ಸು’, ‘ಕಾರು’ಗಳೂ ಇದೇ ದಾರಿ ಹಿಡಿದಿವೆ: ಬಸ್ಸನ್ನು, ಕಾರನ್ನು. ತಪ್ಪಿಸಿಕೊಳ್ಳುವವು ಎರಡು ಗುಂಪು. ‘ಅದು, ಇದು’ಗಳಲ್ಲಿ ‘ಅದನ್ನು, ಇದನ್ನು’. ಸಂಸ್ಕೃತದಿಂದ ಬಂದ ವಸ್ತು, ಸಾಧು, ವಾಯು ಮುಂತಾದವುಗಳಲ್ಲಿ ‘ವಸ್ತುವನ್ನು, ಸಾಧುವನ್ನು, ವಾಯುವನ್ನು’. ಕುರುಹನ್ನು ನೀವೇ ಹೇಳಿಬಿಡಬೇಡಿ. ಇಪ್ಪತ್ತು ಪದಗಳ ಚೀಟಿ ಕೊಟ್ಟು, ಬಾಯಲ್ಲಿ ಹೇಳಿ ನೋಡಿ ಎರಡು ರಾಶಿ ಮಾಡಲು ಬಿಡಿ. ರಾಶಿ ಆದ ಮೇಲೆ ‘ಈ ರಾಶಿಯವರೆಲ್ಲ ಒಂದೇ ಥರ ಕಾಣ್ತಾರಾ?’ ಎಂದು ಕೇಳಿ. ಮನೆಮಾತು ಬೇರೆಯಿರುವ ಮಕ್ಕಳ ಕಿವಿಗೆ ಈ ರೂಪಗಳು ಇನ್ನೂ ಅಭ್ಯಾಸವಾಗಿರುವುದಿಲ್ಲ. ಅವರನ್ನು ಕನ್ನಡ ಮನೆಮಾತಿನ ಮಕ್ಕಳ ಜೋಡಿಯಾಗಿ ಕೂರಿಸಿ.

ಕ್ರಿಯಾಪದಕ್ಕೂ ಇದೇ ಹ್ರಸ್ವ-ದೀರ್ಘದ ಕುರುಹು ಕೆಲಸಕ್ಕೆ ಬರುತ್ತದೆ. ಮಾಡು, ಓಡು, ಹಾಡು, ನೋಡು, ಬೇಡು, ನೀಡು: ದೀರ್ಘ, ಹಾಗಾಗಿ ಮಾಡಿದ, ಓಡಿದ, ನೀಡಿದ. ಕೊಡು, ಬಿಡು, ಇಡು, ಸುಡು, ಕೆಡು, ನೆಡು: ಹ್ರಸ್ವ, ಹಾಗಾಗಿ ಕೊಟ್ಟ, ಬಿಟ್ಟ, ಇಟ್ಟ, ಸುಟ್ಟ, ಕೆಟ್ಟ, ನೆಟ್ಟ. ‘ಕೊಡಿದ’ ಎಂದ ಮಗುವಿಗೆ ‘ಗಿಡ ನೆಡಿದ ಅಂತೀವಾ, ನೆಟ್ಟ ಅಂತೀವಾ?’ ಎಂದು ಕೇಳಿದರೆ ಸಾಕು, ತಾನೇ ತಿದ್ದಿಕೊಳ್ಳುತ್ತದೆ. ಬೀಳು-ಬಿದ್ದ, ಏಳು-ಎದ್ದ ಒಂದು ಮನೆಯವರು. ನಗು-ನಕ್ಕ, ಸಿಗು-ಸಿಕ್ಕ ಇನ್ನೊಂದು. ಬರು-ಬಂದ, ತರು-ತಂದ ಮತ್ತೊಂದು. ಮನೆಮನೆಯಾಗಿ ಕಲಿಸಿ, ಅಕಾರಾದಿ ಪಟ್ಟಿ ಮಾಡಬೇಡಿ.

ಕಾಲಗಳ ಬಗ್ಗೆ ಒಂದು ಮಾತು. ‘ನಾಳೆ ಹೋಗುತ್ತೇನೆ’ ಎಂದು ಬರೆದ ಮಗುವಿಗೆ ‘ಹೋಗುವೆನು ಎಂದಿರಬೇಕು’ ಎಂದು ಅಂಕ ಕಳೆಯುವುದು ಅನ್ಯಾಯ. ಕನ್ನಡದಲ್ಲಿ ನಾಳಿನ ಮಾತನ್ನು ನಾವೆಲ್ಲ ‘ಹೋಗುತ್ತೇನೆ’ ಎಂದೇ ಆಡುತ್ತೇವೆ, ಬರೆಯುತ್ತೇವೆ. ‘ನಿನ್ನೆ ಹೋಗುತ್ತೇನೆ’ ಮಾತ್ರ ತಪ್ಪು.

ಒಂದು ಗೊಂದಲ ಮೊದಲೇ ಬಗೆಹರಿಸಿ

‘ಬದಲಾವಣೆ’ ಎಂಬ ಒಂದೇ ಮಾತನ್ನು ನಾವು ಮೂರು ಬೇರೆ ಸಂಗತಿಗಳಿಗೆ ಬಳಸುತ್ತೇವೆ. ಮರ-ಮರವನ್ನು ಪಕ್ಕದವರಿಂದ ಆದ ಬದಲಾವಣೆ. ಬೀಳು-ಬಿದ್ದ ಕಾಲದ ಅರ್ಥ ತಿಳಿಸಲು ಆದದ್ದು. ಪಾಲ್-ಹಾಲು ನೂರಾರು ವರ್ಷಗಳಲ್ಲಿ ಜನರ ನಾಲಿಗೆಯ ಮೇಲೆ ಆದದ್ದು. ಇವನ್ನು ಬೇರ್ಪಡಿಸದಿದ್ದರೆ, ಹಾಲು ಮೊಸರಾದಂತೆ ಪಾಲ್ ಹಾಲಾಯಿತು ಎಂದು ಮಗು ತಿಳಿಯುತ್ತದೆ. ಮೂರನೆಯದನ್ನು ಐದನೇ ತರಗತಿಯವರಿಗೆ ಮಾತ್ರ, ಅದೂ ಕೊನೆಯಲ್ಲಿ ಹೇಳಿ.

ಅದಕ್ಕೆ ನಿಮ್ಮ ಪಕ್ಕದ ಹಾಸನ ಜಿಲ್ಲೆಯಲ್ಲೇ ಸಾಕ್ಷಿ ಇದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಕ್ರಿ.ಶ. ಸುಮಾರು 450ರದೆಂದು ಹೇಳುವ ಶಾಸನದಲ್ಲಿ ಆ ಊರಿನ ಹೆಸರು ‘ಪಲ್ಮಡಿ’ ಎಂದಿದೆ. ಈಗ ಹಲ್ಮಿಡಿ. ಅದೇ ಶಾಸನದ ‘ಕೊಟ್ಟಾರ್’ ಇವತ್ತಿನ ‘ಕೊಟ್ಟರು’. ಕೊನೆಯ ಉ ಆಮೇಲೆ ಬಂದದ್ದು ಇಲ್ಲೇ ಕಾಣುತ್ತದೆ. ಪೂ-ಹೂ, ಪುಲಿ-ಹುಲಿ, ಪೊಸ-ಹೊಸ, ಪಳ್ಳಿ-ಹಳ್ಳಿ ಎಂದು ಜೋಡಿ ಬರೆಯುತ್ತ ಹೋಗಿ. ಆ ದಿನ ನಿಮ್ಮ ಲೈನ್‌ಮನೆಯ ಮಕ್ಕಳೇ ತರಗತಿಗೆ ಗುರುಗಳು. ತಮಿಳಿನಲ್ಲಿ ಇವತ್ತಿಗೂ ಹಾಲು ‘ಪಾಲ್’, ಹುಲಿ ‘ಪುಲಿ’. ತುಳುವಿನಲ್ಲಿ ಹುಲಿ ‘ಪಿಲಿ’, ಹೊಸ ‘ಪೊಸ’. ‘ನಿಮ್ಮ ಮನೇಲಿ ಏನಂತೀರಿ?’ ಎಂದು ಕೇಳಿ, ಅವರು ಹೇಳಿದ್ದನ್ನು ಹಲಗೆಯ ಮೇಲೆ ಬರೆಯಿರಿ. ಕನ್ನಡ ಬರದವರು ಎಂದು ಹಿಂದೆ ಕೂರುವ ಮಕ್ಕಳಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

‘ಆಲು’ ಬರೆಯುವ ಮಗುವಿಗೂ ಅಲ್ಲೇ ಉತ್ತರ ಇದೆ: ಪ ಹ ಆಯಿತು, ಬಾಯಲ್ಲಿ ಹ-ವೂ ಈಗ ಸವೆಯುತ್ತಿದೆ. ಬರವಣಿಗೆಯಲ್ಲಿ ಮಾತ್ರ ಹ ನಿಂತಿದೆ, ಆದ್ದರಿಂದ ಹಾಗೇ ಬರೆಯಬೇಕು. ಅಂಗೈಯನ್ನು ಬಾಯಿಯ ಮುಂದೆ ನಾಲ್ಕು ಬೆರಳು ದೂರ ಹಿಡಿದು ‘ಹಾಡು-ಆಡು’, ‘ಹತ್ತು-ಅತ್ತು’, ‘ಹರಿ-ಅರಿ’ ಹೇಳಿಸಿ. ಹ ಬಂದಾಗ ಕೈಗೆ ಉಸಿರು ತಾಗುತ್ತದೆ. ದಿನಕ್ಕೆ ಐದು ಪದ ಉಕ್ತಲೇಖನ ಕೊಡಿ. ‘ಹಾನೆ’ ನಿಲ್ಲಬೇಕಾದರೆ ಹ ಇಲ್ಲದ ಪದಗಳೂ ಅದರಲ್ಲಿ ಸಮನಾಗಿ ಇರಬೇಕು.

ಯಾವ ದಾರಿಗೆ ಯಾವ ಅಪಾಯ

ವ್ಯಾಖ್ಯೆ ಮೊದಲು ಎಂಬ ದಾರಿ ಹಿಡಿದರೆ ಮೌಖಿಕ ಪರೀಕ್ಷೆ ಸುಲಭ, ಬರವಣಿಗೆ ಇದ್ದಲ್ಲೇ ಇರುತ್ತದೆ. ನಿಮ್ಮ ತರಗತಿ ಈಗ ಅಲ್ಲೇ ಇದೆ. ಹೆಸರೇ ಹೇಳದೆ ಬರೀ ಹುಡುಕಾಟ ಮಾಡಿಸಿದರೆ ಮಕ್ಕಳು ಖುಷಿಯಾಗಿರುತ್ತಾರೆ, ಆದರೆ ಮುಂದಿನ ತರಗತಿಯ ಶಿಕ್ಷಕರು ‘ಆಗಮಸಂಧಿ’ ಎಂದಾಗ ಕಂಗಾಲಾಗುತ್ತಾರೆ. ಮಕ್ಕಳ ಬರಹದಿಂದಲೇ ತಪ್ಪು ಆರಿಸಿ ಕಲಿಸುವುದು ಪರಿಣಾಮಕಾರಿ, ಆದರೆ ಪುಟವೆಲ್ಲ ಕೆಂಪಾದರೆ ಮಗು ಬರೆಯುವುದನ್ನೇ ಕಡಿಮೆ ಮಾಡುತ್ತದೆ, ತನಗೆ ಖಚಿತವಿರುವ ಪದಗಳನ್ನಷ್ಟೇ ಬಳಸುತ್ತದೆ. ವಾರಕ್ಕೆ ಒಂದೇ ಜಾತಿಯ ತಪ್ಪು ತಿದ್ದಿ. ಈ ವಾರ ‘ಅನ್ನು’ ಎಂದರೆ ‘ಬೀಳಿದ’ ಕಂಡರೂ ಬಿಟ್ಟುಬಿಡಿ.

ನನ್ನ ಸಲಹೆ ಹುಡುಕಾಟ ಮೊದಲು, ಹೆಸರು ಆಮೇಲೆ. 40 ನಿಮಿಷದ ಪೀರಿಯಡ್‌ನಲ್ಲಿ 20 ನಿಮಿಷ, ವಾರಕ್ಕೆ ನಾಲ್ಕು ದಿನ. ಮೊದಲ ವಾರ ಬಿಡಿಸಿ ಬರೆಯುವುದು. ಎರಡು ಮತ್ತು ಮೂರನೇ ವಾರ ‘ಅನ್ನು’, ‘ಅಲ್ಲಿ’ ಎರಡೇ ಪ್ರತ್ಯಯ. ಏಳು ವಿಭಕ್ತಿ ಪ್ರತ್ಯಯಗಳನ್ನೂ ಒಟ್ಟಿಗೆ ತರಬೇಡಿ, ‘ದೆಸೆಯಿಂದ’ವಂತೂ ಯಾರೂ ಆಡದ ಮಾತು, ಸದ್ಯ ಇರಲಿ. ನಾಲ್ಕನೇ ವಾರ ಉ-ಕಾರದ ಎರಡು ರಾಶಿ, ಅದರ ಕೊನೆಯ ದಿನ ಲೋಪ, ಆಗಮ, ಆದೇಶ ಎಂಬ ಹೆಸರುಗಳು. ಐದು ಮತ್ತು ಆರನೇ ವಾರ ಭೂತಕಾಲ. ಗುಣಸಂಧಿ, ಸವರ್ಣದೀರ್ಘಸಂಧಿಗಳು ದೊಡ್ಡ ತರಗತಿಗೆ ಇರಲಿ. ಸಕಲೇಶಪುರದ ಹೆಸರು ಬಂದಾಗ ಯಾರಾದರೂ ಕೇಳಿದರೆ ಸಕಲ + ಈಶ ಎಂದಷ್ಟೇ ಹೇಳಿ ಮುಂದೆ ಹೋಗಿ.

ಹಿರಿಯ ಶಿಕ್ಷಕರೊಂದಿಗೆ ವಾದಕ್ಕೆ ಇಳಿಯುವ ಬದಲು ಒಂದು ಪುಟ್ಟ ಪರೀಕ್ಷೆ ಮಾಡಿ. ಮೊದಲ ದಿನ ಎಲ್ಲ 23 ಮಕ್ಕಳಿಗೂ ಇದನ್ನು ಕೊಡಿ: ‘ಅಪ್ಪ (ಮನೆ + ಇಂದ) ಹೊರಟರು. (ತೋಟ + ಅಲ್ಲಿ) ಗಿಡ (ನೆಡು)ರು. ಅಮ್ಮ (ಹಸು + ಅನ್ನು) ಕಟ್ಟಿ (ಹಾಲು + ಅನ್ನು) ಕಾಯಿಸಿದರು. ತಮ್ಮ ಕಾಲು ಜಾರಿ (ಬೀಳು).’ ಆವರಣದೊಳಗಿನದನ್ನು ಸೇರಿಸಿ, ನಿನ್ನೆ ನಡೆದದ್ದು ಎಂದುಕೊಂಡು ಬರೆಯಬೇಕು. ಒಟ್ಟು ಆರು ಅಂಕ. ಹಾಳೆಗಳನ್ನು ಎತ್ತಿಟ್ಟುಕೊಳ್ಳಿ. ಆರನೇ ವಾರ ಇದೇ ಬಗೆಯ ಬೇರೆ ಪದಗಳು: ಕೆರೆ, ಮರ, ಕೊಡು, ಕರು, ಎತ್ತು, ಏಳು. ಅವೇ ಪದ ಕೊಟ್ಟರೆ ನೆನಪು ಅಳೆದಂತಾಗುತ್ತದೆ. ಎರಡೂ ಹಾಳೆಗಳನ್ನು ಒಟ್ಟಿಗೆ ಪಿನ್ ಮಾಡಿ ಸ್ಟಾಫ್ ರೂಮಿನ ಮೇಜಿನ ಮೇಲಿಡಿ. ಅರ್ಧದಷ್ಟು ಮಕ್ಕಳಾದರೂ ಎರಡು ಅಂಕ ಮೇಲೇರದಿದ್ದರೆ ಮೊದಲ ವಾರದ ಬೀಜ-ಕಲ್ಲಿಗೆ ಹಿಂದಿರುಗಿ. ಹೆಚ್ಚಿನ ವೇಳೆ ಬುಡ ಸಡಿಲವಾಗಿರುವುದು ಅಲ್ಲೇ.